ಕೆನ್ನೆಯ ಮಸಿ

ಅವಮಾನವನ್ನು ಮರೆಯುವ ಜನ ಬೇರೆ, ವಿನೋದಾ ಬೇರೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮಿಡ್ಲ್‌ಸ್ಕೂಲಿನಲ್ಲಿ ತನ್ನ ಜಡೆಯನ್ನು ಬೆಂಚಿಗೆ ಕಟ್ಟಿದ ಹುಡುಗಿಗೆ ಎಸ್ಸೆಸ್ಸೆಲ್ಸಿಯ ಬೀಳ್ಕೊಡುಗೆಯ ದಿನ ಬಡ್ಡಿ ಸಮೇತ ತೀರಿಸಿದಳು. ಗ್ರೂಪ್ ಫೋಟೋಗೆಂದು ಆ ಹುಡುಗಿ ಅಮ್ಮನ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ವಿನೋದಾ ಆ ಸೆರಗನ್ನು ಕುರ್ಚಿಯ ಬೆತ್ತಕ್ಕೆ ಸೇರಿಸಿ ಪಿನ್ನು ಹಾಕಿ, ಫೋಟೋಗ್ರಾಫರ್ "ಎಲ್ಲಾ ಎದ್ದೇಳ್ರಮ್ಮ" ಎನ್ನುವವರೆಗೆ ಏನೂ ಅರಿಯದವಳಂತೆ ಪಕ್ಕದಲ್ಲೇ ಕೂತಿದ್ದಳು. ನಡುವಿನ ಅಷ್ಟೂ ವರ್ಷ ಇಬ್ಬರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ಹಂಚಿಕೊಂಡು ತಿಂದಿದ್ದರು. ಅವಳ ಗುಣವೇ ಅದು. ಕೂಗಾಡುವವಳಲ್ಲ, ಮಾತು ಬಿಡುವವಳಲ್ಲ. ಮುಖದ ಮೇಲೆ ನಗು ಇರುತ್ತದೆ, ಸೇಡು ಮಾತ್ರ ಜಾಡಿಯೊಳಗಿನ ಉಪ್ಪಿನಕಾಯಿಯ ಹಾಗೆ ಸದ್ದಿಲ್ಲದೆ ಮಾಗುತ್ತಿರುತ್ತದೆ.

ಈಗ ಹೇಳಹೊರಟಿರುವುದು ಅವಳು ಅಟ್ಲಾಂಟಾಕ್ಕೆ ಬಂದು ನೆಲೆಸಿದ ಮೇಲಿನ ಸಂಗತಿ, ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದ್ದು. ಗಂಡ ಗುರುದತ್ ಪ್ರೋಗ್ರಾಮರ್. ಅವಳು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಬೆಳಗಿನಿಂದ ಸಂಜೆವರೆಗೆ ಜನರ ಕ್ಲೇಮುಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದಳು. ಊರ ಹೊರವಲಯದ ನಾರ್‌ಕ್ರಾಸಿನಲ್ಲಿ ಅವರು ಕೊಂಡಿದ್ದ ಮನೆ ಹಳೆಯದು, ಒಂದೇ ಮಹಡಿಯದು. ಹಿಂದಿನ ಮಾಲೀಕರು ಹಿತ್ತಿಲ ಕಡೆಗೆ ಒಂದು ರೂಮನ್ನು ಆಮೇಲೆ ಸೇರಿಸಿದ್ದರು. ಮನೆಯ ಫರ್ನೇಸಿನ ಬಿಸಿಗಾಳಿ ಅಲ್ಲಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಅಲ್ಲೊಂದು ಗ್ಯಾಸ್ ಸ್ಟೋವ್ ಇಟ್ಟಿದ್ದರು. ಅಡುಗೆಯದಲ್ಲ, ರೂಮು ಬೆಚ್ಚಗೆ ಮಾಡುವುದು. ಎರಕದ ಕಬ್ಬಿಣದ ದೇಹ, ಗಿಡ್ಡ ಕಾಲುಗಳು, ಮುಂದೆ ಗಾಜಿನ ಬಾಗಿಲು. ಒಳಗೆ ಸೌದೆಯಂತೆಯೇ ಕಾಣುವ ಮಣ್ಣಿನ ಕೊರಡುಗಳು, ಅವುಗಳ ಕೆಳಗೆ ಸಣ್ಣ ತೂತುಗಳ ಬರ್ನರ್. ಗುಂಡಿ ತಿರುಗಿಸಿದರೆ ಸೌದೆಯೇ ಹತ್ತಿಕೊಂಡು ಉರಿದಂತೆ ಕಾಣುತ್ತಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಅತ್ತೆ ಪದ್ಮಾವತಮ್ಮ ಬಂದರು. ಆ ಬೆಚ್ಚನೆಯ ರೂಮನ್ನೇ ಅವರಿಗೆ ಕೊಟ್ಟರು, ದೇವರ ಮಂಟಪವೂ ಅಲ್ಲೇ. ವೀಸಾ ಇದ್ದಷ್ಟು ದಿನ ಅವರು ಮಗನ ಮನೆ, ಮಗಳ ಮನೆ ಎಂದು ಹಂಚಿಕೊಂಡು ಇರಬೇಕೆಂದು ಮಾತಾಗಿತ್ತು. ಮಗಳು ಎಂದರೆ ಗುರುದತ್ತನ ಅಕ್ಕ ಉಷಾ. ಅವಳ ಮನೆ ಅಲ್ಫರೆಟಾದಲ್ಲಿ, ಕಾರು ನಿಲ್ಲಿಸಿ ಬಾಗಿಲು ಮುಟ್ಟುವಷ್ಟರಲ್ಲಿ ಏದುಸಿರು ಬರುವಂಥ ದೊಡ್ಡ ಮನೆ. ಅಮ್ಮ ಬರುತ್ತಾಳೆಂದು ಕೆಳಗಡೆಯೇ ಒಂದು ರೂಮು ಸಿದ್ಧಪಡಿಸಿ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿ, ಬಿಸಿಲು ಬೀಳುವ ಸನ್‌ರೂಮಿಗೆ ಹೊಸ ಗ್ಯಾಸ್ ಸ್ಟೋವ್ ತರಿಸಿದ್ದಳು. ಆದರೆ ಪದ್ಮಾವತಮ್ಮ ಏನಾದರೊಂದು ನೆಪ ಹೇಳಿ ನಾರ್‌ಕ್ರಾಸಿನಲ್ಲೇ ಉಳಿದರು. ಮೊದಲು ನವರಾತ್ರಿ ಮುಗಿಯಲಿ ಎಂದರು, ಆಮೇಲೆ ದೀಪಾವಳಿ, ಆಮೇಲೆ ತುಳಸಿಪೂಜೆ. ಉಷಾ ಫೋನಿನಲ್ಲಿ ನಗುತ್ತಿದ್ದಳು. ಆ ನಗು ದಿನೇ ದಿನೇ ತೆಳ್ಳಗಾಗುತ್ತಿದ್ದುದು ವಿನೋದಾಳಿಗೆ ಕೇಳಿಸುತ್ತಿತ್ತು, ಅವಳು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ವಿನೋದಾ ಸತ್ಯನಾರಾಯಣ ಪೂಜೆ ಇಟ್ಟುಕೊಂಡಳು. ಸುತ್ತಮುತ್ತಲಿನ ಗ್ವಿನೆಟ್ ಕೌಂಟಿಯ ಕನ್ನಡದವರೆಲ್ಲ ಬಂದಿದ್ದರು. ಹಿಂದಿನ ದಿನವೆಲ್ಲ ಅವಳು ಮನೆ ಗುಡಿಸಿ, ಒರೆಸಿ, ರವೆ ಹುರಿದು ಸುಸ್ತಾಗಿದ್ದಳು. ಸ್ಟೋವಿನ ಗಾಜಿನ ಕಡೆ ಮಾತ್ರ ನೋಡಿರಲಿಲ್ಲ. ಪೂಜೆ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ಚಳಿಯೆಂದು ಹೆಂಗಸರೆಲ್ಲ ಆ ಸ್ಟೋವಿನ ಮುಂದೆ ಸೇರಿದರು. ಗಾಜು ಕಪ್ಪಗೆ ಕಾವಲಿಯ ತಳದಂತಾಗಿತ್ತು. ಒಳಗಿನ ಉರಿ ಮಸುಕಾಗಿ ಕೆಂಪಗೆ ಕಾಣುತ್ತಿತ್ತು.

ಉಷಾ ಬಗ್ಗಿ, ಬಾಗಿಲ ಅಂಚನ್ನು ಕರ್ಚೀಫಿನಿಂದ ಹಿಡಿದು ತೆರೆದು, ಗಾಜಿನ ಒಳಮೈಯಲ್ಲಿ ಅಷ್ಟಾಗಿ ಕಾಯದ ಮೂಲೆಯ ಮೇಲೆ ಬೆರಳು ಎಳೆದಳು. ಬೆರಳ ತುದಿಗೆ ಹತ್ತಿದ ಕಪ್ಪನ್ನು ಎಲ್ಲರಿಗೂ ತೋರಿಸಿದಳು.

"ನೋಡ್ರೇ, ನಮ್ಮ ವಿನೋದಾ ಮನೇಲೇ ಕಾಡಿಗೆ ತಯಾರು ಮಾಡ್ತಾಳೆ!" ಎಂದಳು. "ಒಂದು ಗಾಜು ಒರೆಸಕ್ಕೆ ಆಗಲ್ಲ, ಪೂಜೆ ಮಾತ್ರ ಗ್ರ್ಯಾಂಡು. ಬಾರೇ ಇಲ್ಲಿ, ಇಷ್ಟು ಚೆಂದ ಮನೆ ಇಟ್ಕೊಂಡಿದೀಯ, ದೃಷ್ಟಿ ಆಗ್ಬಾರದು."

ಹಾಗೆನ್ನುತ್ತಲೇ ಆ ಮಸಿಯನ್ನು ವಿನೋದಾಳ ಬಲಗೆನ್ನೆಗೆ ದೃಷ್ಟಿಬೊಟ್ಟಿನ ಹಾಗೆ ಹಚ್ಚಿಬಿಟ್ಟಳು.

ರೂಮಿನ ತುಂಬ ನಗು. ಶ್ರೀಲತಾ ಎಂಬ ಹೆಂಗಸಂತೂ ಕೈಯಲ್ಲಿದ್ದ ಸಪಾದಭಕ್ಷ್ಯ ಚೆಲ್ಲುವಷ್ಟು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಗುರುದತ್ತನೂ ನಕ್ಕ. ವಿನೋದಾಳೂ ನಕ್ಕಳು. ಅತ್ತೆ ಒಬ್ಬರೇ ನಗಲಿಲ್ಲ. ಅವರು ಹತ್ತಿ ಹೊಸೆಯುತ್ತ, "ಬೆಂಕಿ ಇದ್ದ ಕಡೆ ಮಸಿ ಇರತ್ತೆ ಬಿಡ್ರೇ," ಎಂದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ವಿನೋದಾ ಎಲ್ಲರಿಗೂ ತಾಂಬೂಲ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ, ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತಳು. ಕೆನ್ನೆಯ ಮೇಲೆ ಕಪ್ಪು ಹಾಗೇ ಇತ್ತು. ಆ ಕಪ್ಪನ್ನು ಉಷಾಳ ಕೆನ್ನೆಗೆ ಮುಟ್ಟಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿ, ಆಮೇಲೆ ಸೋಪು ಹಚ್ಚಿದಳು.

ಮಾರನೆಯ ದಿನವೇ ಸ್ಟೋವಿನ ಮುಂದೆ ಕೂತಳು. ಮೊದಲ ಸಲ ಎಲ್ಲವೂ ತಪ್ಪಾಯಿತು. ದೇವರ ದೀಪ ಬೆಳಗುವ ಹಾಗೆ ಗಾಜಿಗೆ ಹುಣಸೆಹಣ್ಣು ತಿಕ್ಕಿದಳು, ಸ್ಟೀಲಿನ ನಾರಿನಿಂದ ಉಜ್ಜಿ ಒಂದು ಮೂಲೆಯಲ್ಲಿ ಗೀರು ಬೀಳಿಸಿದಳು. ಒಳಗಿನ ಕೊರಡುಗಳನ್ನು ಹೊರಗೆ ತೆಗೆದವಳು ಮತ್ತೆ ಇಡುವಾಗ ಅರಸೀಕೆರೆಯ ಬಚ್ಚಲೊಲೆಗೆ ಸೌದೆ ಒಟ್ಟಿದ ಹಾಗೆ ತನಗೆ ಚೆಂದ ಕಂಡಂತೆ ಒಟ್ಟಿದಳು. ಹೊತ್ತಿಸಿದರೆ ಮಸಿ ಇನ್ನೂ ಜಾಸ್ತಿ. ಸ್ಟೋವಿನ ಹಿಂದೆ ಸಿಕ್ಕಿಸಿದ್ದ ಕಂಪನಿಯ ಮ್ಯಾನುಯಲನ್ನು ಓದಿದ ಮೇಲೆ ತಿಳಿಯಿತು: ಕೊರಡುಗಳು ಕೂರುವ ಜಾಗ ಮೊದಲೇ ನಿಗದಿಯಾಗಿರುತ್ತದೆ, ಒಂದಿಷ್ಟು ಸರಿದರೂ ಉರಿ ಅವುಗಳಿಗೆ ಬಡಿದು ಹೊಗೆ ಕಾರುತ್ತದೆ.

ಆಮೇಲೆ ಅವಳು ಆ ಸ್ಟೋವನ್ನು ಹಟ ಹಿಡಿದು ಕಲಿತಳು. ಮೊದಲು ಗ್ಯಾಸಿನ ಕೀಲಿ ಮುಚ್ಚಬೇಕು, ಸದಾ ಉರಿಯುತ್ತಿರುವ ಪೈಲಟ್ ಜ್ವಾಲೆಯನ್ನೂ ಆರಿಸಬೇಕು, ಎಲ್ಲ ಪೂರ್ತಿ ತಣ್ಣಗಾಗುವವರೆಗೆ ಕೈ ಹಾಕಬಾರದು. ಕಿಟಕಿಗೆ ಹೊಡೆಯುವ ನೀಲಿ ಸ್ಪ್ರೇ ಈ ಗಾಜಿಗೆ ಕೂಡದು, ಕಾದಾಗ ಬೆಳ್ಳಗೆ ಮಂಜು ಕಟ್ಟಿ ಕೂತುಬಿಡುತ್ತದೆ. ಸ್ಟೋವ್ ಗಾಜಿಗೆಂದೇ ಬರುವ ಕ್ರೀಮು ಬೇಕು, ಮೆತ್ತನೆಯ ಬಟ್ಟೆ ಬೇಕು. ಕೊರಡುಗಳ ಮಸಿಯನ್ನು ಪೇಂಟಿನ ಬ್ರಶ್ಶಿನಿಂದ ಮಗುವಿನ ತಲೆ ಸವರಿದಷ್ಟು ಹಗುರಾಗಿ ತೆಗೆಯಬೇಕು. ಬರ್ನರಿನ ತೂತುಗಳ ಮೇಲೆ ವ್ಯಾಕ್ಯೂಮ್ ಆಡಿಸಬೇಕು, ಗಾಳಿ ಎಳೆದುಕೊಳ್ಳುವ ಕಿಂಡಿಯ ಧೂಳು ತೆಗೆಯಬೇಕು, ಹೊಗೆ ಹೋಗುವ ಕೊಳವೆಯ ಬಾಯಿಯನ್ನು ಹೊರಗೆ ಹೋಗಿ ನೋಡಬೇಕು. ಎಲ್ಲ ಸರಿಯಿದ್ದರೆ ಉರಿ ಬುಡದಲ್ಲಿ ನೀಲಿ ಇರುತ್ತದೆ. ಸೋಮಾರಿಯಾಗಿ ಕೆಂಪಗೆ ಕೊರಡನ್ನು ನೆಕ್ಕುತ್ತಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಎಂದು ಅರ್ಥ. ಹಾಗೆ ಕಟ್ಟಿಕೊಂಡ ಉರಿಯಿಂದ ವಾಸನೆಯೇ ಇಲ್ಲದ ವಿಷಗಾಳಿ ಬರುತ್ತದೆಂದು ಓದಿದ ದಿನವೇ ಅವಳು ಅದಕ್ಕೊಂದು ಅಲಾರಮ್ ತಂದು ಗೋಡೆಗೆ ಹಾಕಿದಳು.

ಇಷ್ಟೆಲ್ಲ ಮಾಡಿದರೂ ಮುಂದಿನ ವಾರ ಗಾಜು ಮತ್ತೆ ಕಪ್ಪು. ಬರ್ನರಿನ ತೂತಿನಲ್ಲಿ ಏನೋ ಕರಕಲು ಕಾಳು. ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಅವಳಿಗೆ ತಲೆ ಕೆಟ್ಟುಹೋಯಿತು.

ಡಿಸೆಂಬರಿನಲ್ಲೊಂದು ದಿನ ಐಸ್ ಬೀಳುತ್ತದೆಂದು ಟೀವಿಯವರು ಹೆದರಿಸಿದರು. ಅಟ್ಲಾಂಟಾದವರಿಗೆ ಅಷ್ಟು ಸಾಕು. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿಯಾದವು, ಆಫೀಸುಗಳು ಮಧ್ಯಾಹ್ನವೇ ಮುಚ್ಚಿದವು. ವಿನೋದಾ ಬೇಗ ಮನೆಗೆ ಬಂದು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು. ಅತ್ತೆ ತಮ್ಮ ಮಡಿ ಅನ್ನವನ್ನು ಆಗಷ್ಟೇ ಇಳಿಸಿಕೊಂಡು ಸ್ಟೋವಿನ ಮುಂದೆ ಕೂತಿದ್ದರು. ಕೈಯಲ್ಲಿ ಬೆಳ್ಳಿಯ ಬಟ್ಟಲು. ಅವರು ಗಾಜಿನ ಬಾಗಿಲು ತೆರೆದು, ತುಪ್ಪ ಕಲಸಿದ ಒಂದು ಚಿಟಿಕೆ ಅನ್ನವನ್ನು ಉರಿಯ ಮೇಲಿನ ಕೊರಡಿಗೆ ಇಟ್ಟು, ಕೈ ಮುಗಿದರು.

"ಅಗ್ನಿದೇವಾ, ಈ ಮನೇವ್ರನ್ನ ಚೆನ್ನಾಗಿ ಇಟ್ಟಿರಪ್ಪ," ಎಂದರು.

ಅನ್ನ ಚುರುಗುಟ್ಟಿ ಕಪ್ಪಾಯಿತು. ಕರಕಲು ಉದುರಿ ಕೆಳಗೆ ಬಿತ್ತು, ತುಪ್ಪದ ಹೊಗೆ ಗಾಜಿಗೆ ಹತ್ತಿತು.

"ಅತ್ತೆ, ದಿನಾ ಹಾಕ್ತೀರಾ ಇದನ್ನ?" ಎಂದಳು ವಿನೋದಾ.

"ಹೂಂ ಕಣಮ್ಮ. ಮಾಡಿದ ಅನ್ನದಲ್ಲಿ ಮೊದಲ ತುತ್ತು ಒಲೆಗೆ ಹಾಕ್ದೆ ನಾನು ಯಾವತ್ತು ಉಂಡಿದೀನಿ? ನಿಮ್ಮ ಅಡುಗೆಮನೇಲಿ ಕರೆಂಟ್ ಒಲೆ, ಕಾಯಿಲ್ ಕೆಂಪಗಾಗತ್ತೆ, ಉರಿ ಎಲ್ಲಿದೆ? ಮನೇಗೆಲ್ಲ ಉರಿ ಅಂತ ಇರೋದು ಇದೊಂದೇ."

ವಿನೋದಾಳ ನೆತ್ತಿಗೆ ಬಿಸಿ ಏರಿತು. ತನ್ನ ಕೆನ್ನೆಗೆ ಮಸಿ ಬಂದದ್ದು ಈ ಬಟ್ಟಲಿನಿಂದ! ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ಮಾತು ಹೊಳೆಯಿತು. ನೆಪಗಳೆಲ್ಲ ಮುಗಿದು ತಿಂಗಳ ಕೊನೆಗೆ ಅತ್ತೆ ಉಷಾಳ ಮನೆಗೆ ಹೋಗುತ್ತಾರೆ. ಸಂಕ್ರಾಂತಿಗೆ ಉಷಾ ಎಲ್ಲರನ್ನೂ ಕರೆಯುತ್ತಾಳೆ. ಅವಳ ಸನ್‌ರೂಮಿನಲ್ಲಿ ಬಿಳಿಯ ಕಾರ್ಪೆಟ್ಟು, ಬಿಳಿಯ ಗೋಡೆ, ಹೊಚ್ಚ ಹೊಸ ಸ್ಟೋವ್. ಅದಕ್ಕೂ ತೆರೆಯುವ ಗಾಜಿನ ಬಾಗಿಲಿದೆ.

ತೆರೆದ ಬಾಯನ್ನು ವಿನೋದಾ ಮುಚ್ಚಿಕೊಂಡಳು. ಅಂಥ ಸಂತೋಷ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

"ಒಳ್ಳೇದು ಮಾಡ್ತಿದೀರ ಅತ್ತೆ," ಎಂದಳು. "ಬಿಡ್ಬೇಡಿ."

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವಳು ತನ್ನ ಸ್ಟೋವನ್ನು ಯಾರಿಗೂ ಹೇಳದೆ ಶುಚಿ ಮಾಡುತ್ತಿದ್ದಳು. ತೂತುಗಳಿಂದ ಅನ್ನದ ಕರಕಲನ್ನು ಒಂದೊಂದಾಗಿ ಹೆಕ್ಕುವಾಗ ಕೋಪ ಬರುತ್ತಿರಲಿಲ್ಲ, ಹಾಡು ಬರುತ್ತಿತ್ತು. ಅತ್ತೆ ಹೊರಡುವ ವಾರ ಅಂಗಡಿಯ ಬೆಣ್ಣೆ ತಂದು, ಒಂದು ವೀಳ್ಯದೆಲೆ ಹಾಕಿ ಹದವಾಗಿ ತುಪ್ಪ ಕಾಯಿಸಿದಳು. ಗಾಜಿನ ಬಾಟಲಿಗೆ ಬಗ್ಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಅತ್ತೆಯ ಕೈಗೆ ಕೊಟ್ಟಳು.

"ಅಲ್ಲಿ ಹೋದೆ ಅಂತ ಅಗ್ನಿಗೆ ಹಾಕೋದು ನಿಲ್ಲಿಸ್ಬೇಡಿ ಅತ್ತೆ. ತುಪ್ಪ ಧಾರಾಳ ಹಾಕಿ."

ಪದ್ಮಾವತಮ್ಮನ ಕಣ್ಣು ತುಂಬಿ ಬಂತು. ಸೊಸೆಯ ತಲೆ ಸವರಿದರು. ಅವಳಿಗೆ ನಾಚಿಕೆಯಾಯಿತೇ ಎಂದು ಕೇಳಿದರೆ, ಆಗಲಿಲ್ಲ. ಅಮ್ಮನನ್ನು ಕರೆದೊಯ್ಯಲು ಬಂದ ಉಷಾಳ ಕೈಗೆ ಅವಳು ವಿಷಗಾಳಿಯ ಅಲಾರಮ್ ಒಂದನ್ನೂ ಕೊಟ್ಟು, "ಇದನ್ನ ಇವತ್ತೇ ಗೋಡೆಗೆ ಹಾಕ್ಸಿ ಉಷಕ್ಕ," ಎಂದು ಎರಡು ಸಲ ಹೇಳಿದಳು. ಸೇಡು ಗಾಜಿನ ಮೇಲೆ, ಯಾರ ಪ್ರಾಣದ ಮೇಲೂ ಅಲ್ಲ. ಇಷ್ಟು ಮಾಡಿದ್ದಕ್ಕೆ ತನ್ನನ್ನು ತಾನೇ ಒಳ್ಳೆಯವಳೆಂದು ಮೆಚ್ಚಿಕೊಂಡಳು.

ಆಮೇಲೆ ದಿನವೂ ಅತ್ತೆಗೆ ಫೋನು. "ಚಳಿ ಇದ್ಯಾ ಅತ್ತೆ? ಸ್ಟೋವ್ ಹತ್ರ ಕೂತ್ಕೋತೀರಾ?" "ಅಲ್ಲೇ ಕೂತಿರ್ತೀನಿ ಕಣಮ್ಮ ಇಡೀ ದಿನ." ವಿನೋದಾ ಫೋನಿಟ್ಟು ಖುಷಿಯಿಂದ ಅಂಗೈ ಉಜ್ಜಿಕೊಳ್ಳುತ್ತಿದ್ದಳು. ಇಂಥ ಅಕ್ಕರೆಯ ಸೊಸೆ ಅಟ್ಲಾಂಟಾದಲ್ಲೇ ಇಲ್ಲವೆಂದು ಗುರುದತ್ ಸ್ನೇಹಿತರ ಮುಂದೆ ಹೇಳಿಕೊಂಡು ತಿರುಗಿದ.

ಸಂಕ್ರಾಂತಿ ಬಂತು. ವಿನೋದಾ ಸತ್ಯನಾರಾಯಣ ಪೂಜೆಯ ದಿನ ಉಟ್ಟಿದ್ದ ಮೈಸೂರು ಸಿಲ್ಕನ್ನೇ ಬೇಕೆಂದೇ ಉಟ್ಟಳು. ಅಲ್ಫರೆಟಾದ ಮನೆಯ ತುಂಬ ಅದೇ ಹೆಂಗಸರು, ಅದೇ ನಗು. ತಟ್ಟೆಗಳಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ನಾರ್‌ಕ್ರಾಸಿನ ಅಂಗಡಿಯಿಂದ ತಂದ ಒಣಕಲು ಕಬ್ಬಿನ ತುಂಡು. ಅವಳು ಬಂದವಳೇ ನೇರ ಸನ್‌ರೂಮಿಗೆ ನಡೆದಳು. ಬಲಗೈಯ ತೋರುಬೆರಳು ತಾನಾಗಿ ಮುಂದೆ ಬಂದಿತ್ತು.

ಸ್ಟೋವಿನ ಗಾಜು ಈಗ ತಾನೇ ಅಂಗಡಿಯಿಂದ ಬಂದಂತೆ ಹೊಳೆಯುತ್ತಿತ್ತು. ಉರಿಯ ಬುಡ ನೀಲಿ. ಕೊರಡುಗಳ ಮೇಲೆ ಒಂದು ಚುಕ್ಕೆ ಮಸಿಯಿಲ್ಲ.

ವಿನೋದಾ ಬಗ್ಗಿ ನೋಡಿದಳು, ಪಕ್ಕದಿಂದ ನೋಡಿದಳು. ಉಷಾ ಶುಚಿ ಮಾಡಿಸಿದ್ದಾಳೆಯೇ? ಹಾಗಾದರೆ ಬರ್ನರಿನಲ್ಲಾದರೂ ಕರಕಲು ಸಿಗಬೇಕು, ಅದೂ ಇಲ್ಲ. ಮೋಸ ಹೋದವಳಂತೆ ಅವಳ ಎದೆ ಉರಿಯಿತು. ಪಕ್ಕದಲ್ಲೇ ಈಸಿಚೇರಿನಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ, ತಡೆಯಲಾರದೆ ಗಟ್ಟಿಯಾಗಿಯೇ ಕೇಳಿದಳು:

"ಅತ್ತೆ, ಇಲ್ಲಿ ಅಗ್ನಿಗೆ ಅನ್ನ ಹಾಕಲ್ವಾ ನೀವು?"

"ಅಗ್ನಿಗೆ ಅನ್ನನಾ? ಏನದು ಆಂಟಿ?" ಎಂದು ಶ್ರೀಲತಾ ಹತ್ತಿರ ಬಂದಳು. ಇನ್ನೂ ನಾಲ್ಕು ಜನ ತಿರುಗಿದರು. ಎಳ್ಳಿನ ಪೊಟ್ಟಣ ಹಿಡಿದಿದ್ದ ಉಷಾಳೂ ನಿಂತಳು.

"ಊಟಕ್ಕೆ ಮುಂಚೆ ಒಂದು ತುತ್ತು ಉರಿಗೆ ಹಾಕೋ ಪದ್ಧತಿ ನಮ್ಮದು," ಎಂದರು ಪದ್ಮಾವತಮ್ಮ. "ನಮ್ಮನೇಲಿ ದಿನಾ ಹಾಕ್ತೀನಿ. ಇಲ್ಲಿ ಹೆಂಗೆ ಹಾಕ್ಲಿ?"

"ಹಾಗಂದ್ರೆ?" ಎಂದಳು ಉಷಾ. "ಇದೂ ನಿನ್ನ ಮನೇನೇ ಅಲ್ವಾ ಅಮ್ಮ?"

"ಇದು ನಿನ್ನ ಮನೆ ಕಣೇ ಪುಟ್ಟಿ. ಮಗಳ ಮನೆ. ಅಗ್ನಿಗೆ ಕೊಡೋದು ಆ ಮನೆಯವರು, ಬಂದು ಹೋಗೋ ನೆಂಟರು ಕೊಡ್ತಾರೇನೇ? ನಾನು ನಾಕು ದಿನ ಉಂಡು ಹೋಗೋಳು. ನಮ್ಮನೆ ಅಂದ್ರೆ ಗುರು ಮನೆ, ವಿನೋದಾ ಮನೆ."

ಆ ಮುದುಕಿಯ ದನಿಯಲ್ಲಿ ಯಾವ ಕಹಿಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅವರು ಕಬ್ಬಿನ ತುಂಡು ಬಾಯಿಗೆ ಹಾಕಿಕೊಂಡರು. ಉಷಾಳ ಮುಖದಲ್ಲಿ ಮಾತ್ರ ರಕ್ತವೇ ಉಳಿಯಲಿಲ್ಲ. ರೂಮು, ಸರಳು, ಈಸಿಚೇರು, ಸ್ಟೋವ್, ಎಲ್ಲ ಯಾರಿಗಾಗಿ ಮಾಡಿಸಿದ್ದಳೋ ಅವರು ಇಷ್ಟೂ ಜನರ ಮುಂದೆ ತಾವು ನೆಂಟರು ಎಂದುಬಿಟ್ಟಿದ್ದರು. ಅವಳು ಎಳ್ಳಿನ ಪೊಟ್ಟಣವನ್ನು ಶ್ರೀಲತಾಳ ಕೈಗೆ ಕೊಡುವ ಬದಲು ತಟ್ಟೆಗೇ ಹಾಕಿ ಒಳಗೆ ಹೋದಳು.

ವಿನೋದಾಳಿಗೆ ಹೊಟ್ಟೆ ತುಂಬ ಹೋಳಿಗೆ ಉಂಡಂತಾಯಿತು. ಮಸಿ ಏನು ಮಹಾ, ಇದರ ಮುಂದೆ! ಆ ಹಳೆಯ ಮನೆಯನ್ನು ಅತ್ತೆ ನಮ್ಮನೆ ಎಂದದ್ದು, ಆ ಮಸಿಯೆಲ್ಲ ಅದೇ ಮಾತಿನ ಗುರುತಾಗಿದ್ದದ್ದು ಒಂದು ಗಳಿಗೆ ಅವಳ ಎದೆಗೆ ತಾಗಿತು. ಆದರೆ ಅವತ್ತಿನ ಖುಷಿಗೆ ಆ ಯೋಚನೆ ಹೊಂದುತ್ತಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟಳು. ದಾರಿಯುದ್ದಕ್ಕೂ ಉಷಾಳ ಮುಖವನ್ನು ಮತ್ತೆ ಮತ್ತೆ ನೆನೆಸಿಕೊಂಡು ಸವಿದಳು. ಬೆರಳಿನ ಬಾಕಿ ಮಾತ್ರ ಹಾಗೇ ಉಳಿದಿತ್ತು.

ಕೆಲವು ದಿನ ಕಳೆದು ಒಂದು ಶನಿವಾರ ಉಷಾಳ ಫೋನು ಬಂತು. ದನಿ ಎಂದಿನ ಹಾಗಿರಲಿಲ್ಲ.

"ವಿನೋದಾ, ನಮ್ಮ ಸ್ಟೋವ್ ಗಾಜು ಪೂರ್ತಿ ಕಪ್ಪಾಗಿದೆ ಕಣೆ. ಅಂಗಡಿಯವರು ಈ ವಾರ ಆಗಲ್ಲ ಅಂತಿದಾರೆ. ನಿಂದನ್ನ ನೀನೇ ತೊಳ್ಕೋತೀಯ ಅಂತ ಗುರು ಹೇಳ್ದ, ಸ್ವಲ್ಪ ಬರ್ತೀಯಾ? ಯಾಕೆ ಕಪ್ಪಾಯ್ತು ಅಂತ ಅಮ್ಮನಿಗೆ ಗೊತ್ತಾಗೋದು ಬೇಡ."

"ಉರಿ ಯಾವ ಬಣ್ಣ ಇದೆ ಉಷಕ್ಕ?"

"ಕೆಂಪಗೆ. ಹೊಗೆ ಹೊಗೆ."

"ಅಲಾರಮ್ ಹೊಡ್ಕೊಂಡಿತಾ?"

"ಅದಾ? ಅದಿನ್ನೂ ಡಬ್ಬೀಲೇ ಇದೆ."

ವಿನೋದಾ ಕಾರಿನ ಕೀ ಕೈಗೆತ್ತಿಕೊಂಡಳು. ಅತ್ತೆ ಇಡೀ ದಿನ ಕೂರುವುದು ಅದರ ಮುಂದೆ. "ಈಗ್ಲೇ ಗ್ಯಾಸ್ ಆಫ್ ಮಾಡಿ, ಪೈಲಟ್ಟೂ. ಕಿಟಕಿಯೆಲ್ಲ ತೆಗೀರಿ. ಅತ್ತೆನ ಆಚೆ ರೂಮಿಗೆ ಕರ್ಕೊಂಡು ಹೋಗಿ!" ಎಂದು ಕಿರುಚಿ, ಬ್ರಶ್ಶು, ಬಟ್ಟೆ, ಕ್ರೀಮು, ವ್ಯಾಕ್ಯೂಮ್ ಎಲ್ಲ ಕಾರಿಗೆ ತುಂಬಿ, ಜಿಎ-400 ಹೈವೇಯಲ್ಲಿ ಹಿಂದೆಂದೂ ಹೋಗದ ವೇಗದಲ್ಲಿ ಹೋದಳು.

ಹೋಗಿ ನೋಡಿದರೆ ಅತ್ತೆ ತಮ್ಮ ರೂಮಿನಲ್ಲಿ ಕಿಟಕಿ ತೆರೆದುಕೊಂಡು, ಶಾಲು ಹೊದ್ದು ಗೊರಕೆ ಹೊಡೆಯುತ್ತಿದ್ದರು. ವಿನೋದಾ ಅವರ ಹಣೆ ಮುಟ್ಟಿ ನೋಡಿದಳು. ಅಲಾರಮನ್ನು ಡಬ್ಬಿಯಿಂದ ತೆಗೆದು ತಾನೇ ಗೋಡೆಗೆ ಹಾಕಿದಳು. ಪ್ರಾಣಕ್ಕೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅವಳೊಳಗಿನ ಹಳೆಯ ವಿನೋದಾ ಮತ್ತೆ ಎದ್ದು ಕೂತಳು.

ಸ್ಟೋವಿನೊಳಗೆ ಬಗ್ಗಿ ನೋಡಿ, "ಯಾರು ಹಾಕಿದ್ದು ಅನ್ನ?" ಎಂದಳು.

ಉಷಾ ಬಳೆಗಳನ್ನು ಮೇಲೆ ಸರಿಸಿಕೊಂಡಳು. "ನಾನೇ," ಎಂದಳು. "ಅಮ್ಮ ಮಧ್ಯಾಹ್ನ ಮಲಗಿದಾಗ ದಿನಾ ಹಾಕ್ತಿದ್ದೆ. 'ಆ ಮನೆಯವರು ಕೊಡೋದು' ಅಂದ್ಲಲ್ಲ. ಅವಳು ಹಾಕ್ದಿದ್ರೆ ಬೇಡ, ನಾನು ಅವಳ ಮಗಳಲ್ವಾ? ಅವಳ ಉರಿ ನನ್ನ ಮನೇಲೂ ಇರ್ಲಿ ಅಂತ. ಒಂದು ತುತ್ತು ಸಾಲಲ್ಲ ಅನ್ನಿಸಿ ಒಂದು ಹಿಡಿ ಹಾಕ್ತಿದ್ದೆ."

ಬೇರೆಯವರಾಗಿದ್ದರೆ ಇಷ್ಟು ಕೇಳಿ ಕರಗುತ್ತಿದ್ದರು. ವಿನೋದಾ ಕಾರ್ಪೆಟ್ಟಿನ ಮೇಲೆ ಹಳೆಯ ಪೇಪರ್ ಹಾಸಿದಳು.

"ಕೂತ್ಕೊಳ್ಳಿ ಉಷಕ್ಕ. ಹಾಗಲ್ಲ, ಮಂಡಿ ಊರಿ. ಕೈ ಒಳಗೆ ಹೋಗ್ಬೇಕು."

ಉಷಾ ಮಂಡಿಯೂರಿದಳು. ವಿನೋದಾ ಈಸಿಚೇರಿನಲ್ಲಿ ಕೂತು ಒಂದೊಂದೇ ಹೇಳುತ್ತ ಹೋದಳು. ಗಾಜು ಬಿಚ್ಚಿ, ಮೆಲ್ಲಗೆ. ಕೊರಡು ಇದ್ದ ಜಾಗ ನೆನಪಿಟ್ಕೊಳ್ಳಿ. ಬ್ರಶ್ಶು ಹಗುರಾಗಿ, ಹಗುರಾಗಿ ಅಂದೆ. ಉಷಾಳ ಉಗುರಿನ ಬಣ್ಣ ಕಾಣದಾಯಿತು, ಬಳೆಗಳ ಮೇಲೆ ಮಸಿ ಕೂತಿತು. ಬರ್ನರಿನಿಂದ ಅನ್ನದ ಕರಕಲು ಪೇಪರಿನ ಮೇಲೆ ರಾಶಿ ಬಿತ್ತು.

"ಮಸಿ ಬರೋದು ಇದ್ರಿಂದ್ಲೇ," ಎಂದಳು ವಿನೋದಾ. "ನಮ್ಮನೆಯದೂ ಇದೇ ಆಗಿತ್ತು. ಡಿಸೆಂಬರಲ್ಲೇ ನನ್ನ ಕಣ್ಣಿಗೆ ಬಿತ್ತು."

ಹಾಗೆನ್ನುತ್ತ ಎದ್ದು, ಬಿಚ್ಚಿಟ್ಟಿದ್ದ ಗಾಜಿನ ಮೇಲೆ ತೋರುಬೆರಳನ್ನು ನಿಧಾನವಾಗಿ ಎಳೆದಳು. ಉಷಾ ತಲೆಯೆತ್ತಿದಳು. ಏನು ಬರುತ್ತಿದೆಯೆಂದು ಅವಳಿಗೆ ತಿಳಿಯಿತು, ಆದರೂ ಮುಖ ತಿರುಗಿಸಲಿಲ್ಲ.

"ಇಷ್ಟು ಚೆಂದ ಮನೆ," ಎಂದಳು ವಿನೋದಾ. "ದೃಷ್ಟಿ ಆಗ್ಬಾರದು."

ಬಲಗೆನ್ನೆಗೆ ಬೊಟ್ಟು ಇಟ್ಟಳು. ಉಷಾಳ ಕಣ್ಣಲ್ಲಿ ನೀರು ಬಂತು, ಬೊಟ್ಟು ಕೆಳಗೆ ಇಳಿಯಿತು. ವಿನೋದಾ ಒರೆಸಲಿಲ್ಲ. ಅವಳ ಮೈಯೆಲ್ಲ ಹಗುರಾಗಿತ್ತು.

ಆಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ನಿದ್ದೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಮಂಡಿಯೂರಿದ ಮಗಳನ್ನು ನೋಡಿದರು, ಪೇಪರಿನ ಮೇಲಿನ ರಾಶಿಯನ್ನು ನೋಡಿದರು. ಬಗ್ಗಿ ಒಂದು ಕರಕಲು ಎತ್ತಿ ಮೂಸಿದರು.

"ನೀನು ಹಾಕಿದ್ಯೇನೇ ಅಗ್ನಿಗೆ?" ಎಂದರು. ಅವರ ಮುಖ ಅರಳಿತ್ತು. "ತುಪ್ಪದ ವಾಸ್ನೇನೇ ಇಲ್ವಲ್ಲೇ. ಬರೀ ಅನ್ನ ಹಾಕ್ತಾರಾ ಯಾರಾದ್ರೂ? ನನ್ನ ಕೇಳಿದ್ರೆ ತುಪ್ಪ ಕೊಡ್ತಿರ್ಲಿಲ್ವಾ?"

ಅವರು ರೂಮಿಗೆ ಹೋಗಿ ಬಾಟಲಿ ತಂದರು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಯಾರೂ ಬಿಚ್ಚಿರಲಿಲ್ಲ.

"ಮುಟ್ಟದೆ ಇಟ್ಟಿದ್ದೆ. ನನ್ನ ಸೊಸೆ ಕಾಯ್ಸಿ ಕಟ್ಟಿಕೊಟ್ಟಿದ್ದು. ಇಲ್ಲಿಗೆ ಹೊರಡೋ ದಿನ ಏನಂದ್ಲು ಗೊತ್ತಾ? ಅಲ್ಲಿ ಹೋದೆ ಅಂತ ಅಗ್ನಿಗೆ ನಿಲ್ಲಿಸ್ಬೇಡಿ, ತುಪ್ಪ ಧಾರಾಳ ಹಾಕಿ ಅಂದ್ಲು. ಈಗಿನ ಕಾಲದಲ್ಲಿ ಅಷ್ಟು ಭಕ್ತಿ ಯಾರಿಗಿರತ್ತೆ ಹೇಳು!"

ವಿನೋದಾಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಉಷಾ ಬಾಟಲಿಯನ್ನು ನೋಡಿದಳು. ಕರಕಲಿನ ರಾಶಿಯನ್ನು ನೋಡಿದಳು. ಅನ್ನದಿಂದ ಮಸಿ ಬರುತ್ತದೆಂದು ಡಿಸೆಂಬರಿನಲ್ಲೇ ಗೊತ್ತಾಗಿತ್ತೆಂದು ವಿನೋದಾ ಆಗಷ್ಟೇ ತನ್ನ ಬಾಯಿಂದಲೇ ಹೇಳಿದ್ದಳು. ತುಪ್ಪ ಕಟ್ಟಿಕೊಟ್ಟದ್ದು ಅದಾದ ಮೇಲೆ. ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುವುದು ಅವಳ ಮುಖದ ಮೇಲೆ ಕಾಣುತ್ತಿತ್ತು. ಅವಳು ಕಣ್ಣೊರೆಸಿಕೊಂಡಳು, ಮಸಿಯ ಬೊಟ್ಟನ್ನು ಮಾತ್ರ ಮುಟ್ಟಲಿಲ್ಲ.

"ಹೌದಮ್ಮ," ಎಂದಳು, ವಿನೋದಾಳ ಮುಖದಿಂದ ಕಣ್ಣು ಕೀಳದೆ. "ತುಂಬಾ ಭಕ್ತಿ ಅವಳಿಗೆ. ಮುಂದಿನ ತಿಂಗಳು ನೀನು ಅಲ್ಲಿಗೆ ಹೋಗ್ತೀಯಲ್ಲ, ನಾನೇ ಬಿಡೋಕೆ ಬರ್ತೀನಿ. ತುಪ್ಪ ಈ ಸಲ ನಾನು ಕಾಯ್ಸಿ ತರ್ತೀನಿ. ದೊಡ್ಡ ಡಬ್ಬೀಲಿ."

"ನೋಡು, ಅಕ್ಕತಂಗೀರ ಹಾಗೆ ಹೊಂದ್ಕೊಂಡ್ರಿ ಇಬ್ರೂ," ಎಂದು ಪದ್ಮಾವತಮ್ಮ ಈಸಿಚೇರಿನಲ್ಲಿ ಕೂತರು.

ಉಷಾ ಮಸಿಯ ಕೈ ಚಾಚಿದಳು. ವಿನೋದಾ ಗಾಜು ಒರೆಸುವ ಬಟ್ಟೆಯನ್ನು ಆ ಕೈಗೆ ಕೊಟ್ಟು, ತಾನೂ ಅವಳ ಪಕ್ಕ ಮಂಡಿಯೂರಿದಳು.